ಹತ್ತನೇ ತರಗತಿಗೆ ಬಂದ ಮೇಲೆ ಮಗನ ಆಟ ನಿಂತೇಹೋಗಿದೆ. ಶಾಲೆಯ ವೇಳಾಪಟ್ಟಿ ಕಾರಣವೇ?

ಬಹುಮಟ್ಟಿಗೆ ಹೌದು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾಸರಗೋಡಿನ ಕಡೆ ಶಾಲೆ ಬಿಡುವಾಗ ಗಂಟೆ ನಾಲ್ಕು ದಾಟುತ್ತದೆ. ಬಸ್ಸಿಳಿದು ಮನೆ ಸೇರುವಾಗ ಐದು, ಕೂಡಲೇ ಟ್ಯೂಷನ್. ಡಿಸೆಂಬರಿನಲ್ಲಿ ಆರು ದಾಟುತ್ತಲೇ ಕತ್ತಲು. ಅಂದರೆ ಟ್ಯೂಷನ್ ನುಂಗುವುದು ಇರುವ ಒಂದೇ ಒಂದು ಬೆಳಕಿನ ಗಂಟೆಯನ್ನು. ಸಾಧ್ಯವಾದರೆ ಅದನ್ನು ಆರೂವರೆಯ ನಂತರಕ್ಕೆ ತಳ್ಳಿ. ಉಳಿದೆಲ್ಲ ಉಪಾಯಗಳಿಗಿಂತ ಇದು ಮೇಲು.

ಬೆಳಗ್ಗೆ ಐದಕ್ಕೆ ಎಬ್ಬಿಸಿ ಓಡಿಸುವುದು ಬೇಡ. ಹದಿಹರೆಯದಲ್ಲಿ ನಿದ್ದೆ ತಡವಾಗಿಯೇ ಹತ್ತುತ್ತದೆ, 8ರಿಂದ 10 ಗಂಟೆ ಬೇಕೂ ಬೇಕು. ನಿದ್ದೆಗೆಟ್ಟವನು ಸಂಜೆ ಆಡುವುದಿಲ್ಲ, ಮಲಗುತ್ತಾನೆ.

ಪಿ.ಟಿ. ಪಿರಿಯಡ್ ಲೆಕ್ಕಕ್ಕೆ ಸಿಗುವುದು ಕಡಿಮೆ. ಗಣಿತಕ್ಕೆ ಹೋಗದೆ ಉಳಿದರೂ, 40 ನಿಮಿಷದಲ್ಲಿ ಸಾಲು, ಹಾಜರಿ, ತಂಡ ಹಂಚುವುದಕ್ಕೇ ಹತ್ತು ನಿಮಿಷ. ಆಮೇಲೆ ಹನ್ನೊಂದು ಮಂದಿಯ ಒಂದೇ ಫುಟ್ಬಾಲ್ ಪಂದ್ಯವಾದರೆ ಅರ್ಧ ಮಕ್ಕಳು ನಿಂತೇ ಇರುತ್ತಾರೆ. ಅಂಗಳವನ್ನು ಮೂರು ಪಾಲು ಮಾಡಿ ನಾಲ್ಕು ನಾಲ್ಕು ಜನರನ್ನು ಆಡಿಸಿದರೆ ಎಲ್ಲರೂ ಬೆವರುತ್ತಾರೆ. ಶಿಕ್ಷಕ-ರಕ್ಷಕ ಸಭೆಯಲ್ಲಿ ಇದನ್ನು ಖಂಡಿತ ಕೇಳಿ.

ಜೂನ್, ಜುಲೈಯಲ್ಲಿ ಮುರಮಣ್ಣಿನ ಅಂಗಳ ಜಾರುತ್ತದೆ. ಆಗ ಜಗಲಿಯಲ್ಲಿ ಹಗ್ಗದಾಟ: ಒಂದು ನಿಮಿಷ ಜಿಗಿತ, ಅರ್ಧ ನಿಮಿಷ ಬಿಡುವು, ಹತ್ತು ಸುತ್ತು. ಊಟವಾದ ಕೂಡಲೇ ಬೇಡ, ಹೊಟ್ಟೆ ಹಿಡಿದುಕೊಳ್ಳುತ್ತದೆ.