ಹಳೇ ಕ್ಯಾಮೆರಾ ಇಟ್ಟುಕೊಳ್ಳಲೆ, ಬದಲಿಸಲೆ?

ಪ್ರಶ್ನೆ: 2009ರಲ್ಲಿ ಕೊಂಡ ನಿಕಾನ್ ಡಿ90 ನನ್ನ ಬಳಿ ಇದೆ. ಜೊತೆಗೆ ಬಂದ 18-105 ಮಿಮೀ ಲೆನ್ಸ್ ಒಂದೇ. ರಂಗನತಿಟ್ಟಿನಲ್ಲಿ ದೋಣಿಯಿಂದ ತೆಗೆದ ಹಕ್ಕಿಗಳನ್ನು ದೊಡ್ಡದು ಮಾಡಿದರೆ ಚಿತ್ರ ಕಾಳುಕಾಳಾಗುತ್ತದೆ, ಗರಿಗಳ ವಿವರ ಸಿಗುವುದಿಲ್ಲ. ಆಕಾಶದಲ್ಲಿ ಕಪ್ಪು ಚುಕ್ಕೆಗಳೂ ಬರುತ್ತಿವೆ. 12 ಮೆಗಾಪಿಕ್ಸೆಲ್ ಈಗ ಸಾಲದು, 24ರ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ತಗೋ ಎನ್ನುತ್ತಾರೆ ಸ್ನೇಹಿತರು. ತಗೊಳ್ಳಲೆ?
– ಓದುಗರು, ಮಂಡ್ಯ

ಉತ್ತರ: ಸದ್ಯಕ್ಕೆ ಬೇಡ. ಮೊದಲು ಲೆನ್ಸ್ ಕೊಳ್ಳಿ. ಲೆಕ್ಕ ಹಾಕಿದರೆ ನಿಮಗೇ ಗೊತ್ತಾಗುತ್ತದೆ. ಡಿ90 ಚಿತ್ರದ ಅಗಲ 4288 ಪಿಕ್ಸೆಲ್, 24 ಮೆಗಾಪಿಕ್ಸೆಲ್ ಬಾಡಿಯದು 6000. ಅಷ್ಟು ದುಡ್ಡು ಸುರಿದರೂ ಹಕ್ಕಿ ದೊಡ್ಡದಾಗುವುದು 1.4 ಪಟ್ಟು ಮಾತ್ರ. ಅದೇ ಡಿ90ಗೆ 105ರ ಬದಲು 300 ಮಿಮೀ ಲೆನ್ಸ್ ಹಾಕಿ: ಹಕ್ಕಿ ಅಗಲದಲ್ಲೂ ಎತ್ತರದಲ್ಲೂ ಸುಮಾರು 2.9 ಪಟ್ಟು ಬೆಳೆಯುತ್ತದೆ, ಅದರ ಪಾಲಿಗೆ ಬರುವ ಪಿಕ್ಸೆಲ್‌ಗಳು ಸುಮಾರು ಎಂಟು ಪಟ್ಟಾಗುತ್ತವೆ. ಕಾಳುಕಾಳಾಗುವುದಕ್ಕೂ ಬಹುಪಾಲು ಇದೇ ಕಾರಣ. ಚಿತ್ರದ ಒಂದು ಮೂಲೆಯನ್ನು ಕತ್ತರಿಸಿ ಹಿಗ್ಗಿಸಿದರೆ ಯಾವ ಸೆನ್ಸರ್ ಆದರೂ ಕಾಳು ತೋರಿಸುತ್ತದೆ. ಕತ್ತರಿಸದ ಚಿತ್ರವನ್ನು 12×8 ಇಂಚಿಗೆ ಪ್ರಿಂಟ್ ಹಾಕಿಸಲು 3600 ಪಿಕ್ಸೆಲ್ ಅಗಲ ಸಾಕು. ನಿಮ್ಮಲ್ಲಿ ಅದಕ್ಕಿಂತ ಹೆಚ್ಚೇ ಇದೆ.

ಆದರೆ ಡಿ90ಗೆ ಲೆನ್ಸ್ ಆರಿಸುವಾಗ ತುಂಬ ಜನ ಎಡವುತ್ತಾರೆ. ಹೆಸರಿನಲ್ಲಿ 'ಎಎಫ್-ಪಿ' ಇರುವ ಲೆನ್ಸ್ ಈ ಬಾಡಿಗೆ ಕೂರುತ್ತದೆ, ಫೋಕಸ್ ಮಾತ್ರ ಆಗುವುದಿಲ್ಲ. ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರುವ ಕಂಡಿ) ಅಂಕಿಯ ನಂತರ 'ಇ' ಅಕ್ಷರ ಇರುವ ಲೆನ್ಸ್‌ಗಳದು ಇನ್ನೊಂದು ತೊಂದರೆ. ಜನಪ್ರಿಯವಾದ 200-500 ಕೂಡ ಇದೇ ಜಾತಿಯದು. ಇವುಗಳ ಅಪರ್ಚರ್ ವಿದ್ಯುತ್ತಿನಿಂದ ಚಲಿಸುತ್ತದೆ. ಡಿ90 ಅದನ್ನು ಸಣ್ಣ ಸನ್ನೆಗೋಲಿನಿಂದ (ಲಿವರ್) ತಳ್ಳುವ ಕಾಲದ ಬಾಡಿ. ಹಾಗಾಗಿ ನೀವು ಎಫ್11 ಇಟ್ಟರೂ (ಎಫ್ ಅಂಕಿ ಹೆಚ್ಚಿದಷ್ಟೂ ಕಂಡಿ ಕಿರಿದು) ಆ 200-500 ಎಫ್5.6ರಲ್ಲೇ ತೆರೆದಿರುತ್ತದೆ. ನಿಮಗೆ ಹೊಂದುವುದು ಎಎಫ್-ಎಸ್ 70-300 'ಜಿ' ವಿಆರ್, ಅಥವಾ ಕೈಗೆಟುಕಿದರೆ ಎಎಫ್-ಎಸ್ 300 ಎಫ್4 'ಡಿ'. ಎರಡೂ ಸೆಕೆಂಡ್ ಹ್ಯಾಂಡ್ ಆದರೆ ಸಾಕು. ಕೊಳ್ಳಲು ಹೋಗುವಾಗ ಬಾಡಿಯನ್ನು ಜೊತೆಗೇ ಒಯ್ಯಿರಿ. ಲೆನ್ಸ್ ಹಾಕಿ, ಎಫ್11 ಇಟ್ಟು, ಲೆನ್ಸ್ ಪಕ್ಕದ ಪ್ರಿವ್ಯೂ ಗುಂಡಿ ಒತ್ತಿ. ಕಣ್ಣಿಟ್ಟು ನೋಡುವ ಕಿಂಡಿಯೊಳಗಿನ ಚಿತ್ರ ಮಬ್ಬಾದರೆ ಅಪರ್ಚರ್ ಕೆಲಸ ಮಾಡುತ್ತಿದೆ ಎಂದರ್ಥ.

ದೋಣಿಯಲ್ಲಿ ಶಟರ್ ವೇಗವನ್ನು 1/1000 ಸೆಕೆಂಡಿಗಿಂತ ಕೆಳಗೆ ಇಳಿಸಬೇಡಿ. ವಿಆರ್ ನಿಮ್ಮ ಕೈನಡುಕವನ್ನು ತಡೆದೀತು, ಹಕ್ಕಿಯ ಚಲನೆಯನ್ನಲ್ಲ. ಬೆಳಗಿನ ಒಳ್ಳೆ ಬೆಳಕಿನಲ್ಲಿ ಎಫ್5.6, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 800. ಬಣ್ಣದ ಕೊಕ್ಕರೆ ದಟ್ಟ ಎಲೆಗಳ ಮುಂದೆ ಕೂತಿದ್ದರೆ ಕ್ಯಾಮೆರಾ ಎಲೆಯ ಕಪ್ಪು ನೋಡಿ ಇಡೀ ಚಿತ್ರವನ್ನು ಬೆಳಗಿಸುತ್ತದೆ, ಬಿಳಿ ಗರಿಗಳು ಸುಣ್ಣ ಬಳಿದಂತೆ ಸಪಾಟಾಗುತ್ತವೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ -0.7ಕ್ಕೆ ಇಳಿಸಿ; ಎದೆಯ ಕಪ್ಪು ಪಟ್ಟಿಯ ಮೇಲೂ ಕೆಳಗೂ ಗರಿಯ ಎಳೆ ಉಳಿಯುತ್ತದೆ.

ಇನ್ನು ಕಪ್ಪು ಚುಕ್ಕೆ. ಅದು ಸೆನ್ಸರ್ ಮುಂದಿನ ಗಾಜಿನ ಮೇಲೆ ಕೂತ ಧೂಳು, ಕ್ಯಾಮೆರಾಗೆ ವಯಸ್ಸಾದ ಗುರುತಲ್ಲ. ಎಫ್22 ಇಟ್ಟು, ಕೈಯಾರೆ ಫೋಕಸ್ ತಪ್ಪಿಸಿ, ಬಿಳಿ ಗೋಡೆಯ ಎರಡು ಚಿತ್ರ ತೆಗೆಯಿರಿ. ಚುಕ್ಕೆಗಳು ಎರಡರಲ್ಲೂ ಅದೇ ಜಾಗದಲ್ಲಿದ್ದರೆ ಧೂಳೇ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ (ನಡುವೆ ಮುಗಿದರೆ ಕನ್ನಡಿ ದಿಢೀರನೆ ಬೀಳುತ್ತದೆ), ಸೆಟಪ್ ಮೆನುವಿನಲ್ಲಿ ಕನ್ನಡಿ ಎತ್ತಿ ನಿಲ್ಲಿಸಿ, ಬಾಡಿಯ ಬಾಯಿ ಕೆಳಗಾಗುವಂತೆ ಹಿಡಿದು ರಬ್ಬರ್ ಬ್ಲೋಯರ್‌ನಿಂದ ಐದಾರು ಸಲ ಊದಿ. ಬಾಯಿಂದ ಊದಲೇಬೇಡಿ, ಉಗುಳಿನ ಹನಿ ಅಂಟಿದರೆ ಬಿಡಿಸುವುದು ಕಷ್ಟ. ಒತ್ತಡದ ಗಾಳಿಯ ಡಬ್ಬಿಯೂ ಬೇಡ. ಇಷ್ಟಾದರೂ ಹೋಗದ್ದನ್ನು ಸರ್ವಿಸ್‌ನವರಿಗೆ ಬಿಡಿ.

ಶಟರ್ ಎಷ್ಟು ಸವೆದಿದೆ ಎಂದು ನೋಡಬೇಕಾದರೆ, ಕ್ಯಾಮೆರಾದಿಂದ ನೇರ ಬಂದ ಒಂದು ಜೆಪೆಗ್ ಕಡತವನ್ನು ಎಕ್ಸಿಫ್‌ಟೂಲ್ ಎಂಬ ತಂತ್ರಾಂಶದಲ್ಲಿ ತೆರೆಯಿರಿ. ನಿಕಾನ್ ಆ ಎಣಿಕೆಯನ್ನು ಚಿತ್ರದೊಳಗೇ ಬರೆದಿರುತ್ತದೆ. ಡಿ90 ಶಟರ್ ಪರೀಕ್ಷೆಯಾಗಿರುವುದು 1,00,000 ಸಲಕ್ಕೆ. 30-40 ಸಾವಿರದಲ್ಲಿದ್ದರೆ ನಿಶ್ಚಿಂತೆಯಿಂದ ಬಳಸಿ.

ಪ್ರಶ್ನೆ: ತೆಂಕುತಿಟ್ಟಿನ ಯಕ್ಷಗಾನ ಬಯಲಾಟಗಳ ಫೋಟೊ ತೆಗೆಯುತ್ತೇನೆ. ಕ್ಯಾನನ್ 550ಡಿ, 18-55 ಲೆನ್ಸ್. ಧೀಂಗಿಣದ (ಗಿರಕಿ ಕುಣಿತದ) ಹೊತ್ತಿಗೆ ವೇಷವೆಲ್ಲ ಕದಡಿಹೋಗುತ್ತದೆ. ಶಟರ್ ಏರಿಸಿದರೆ ಚಿತ್ರಕ್ಕೆ ಅಡ್ಡ ಕಪ್ಪು ಪಟ್ಟೆ ಬರುತ್ತದೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ ಬೇಕೆ?
– ಓದುಗರು, ಪುತ್ತೂರು

ಉತ್ತರ: ಇಲ್ಲಿ ಎರಡು ದೋಷಗಳಿವೆ, ಮದ್ದೂ ಬೇರೆಬೇರೆ.

ಕದಡುವುದು ಲೆನ್ಸಿನ ದೋಷ. ನಿಮ್ಮದು 55ರಲ್ಲಿ ಎಫ್5.6ಕ್ಕಿಂತ ತೆರೆಯದು. 50 ಮಿಮೀ ಎಫ್1.8 ಎಸ್‌ಟಿಎಂ ಹಾಕಿ ಎಫ್2ಕ್ಕೆ ಇಟ್ಟರೆ ಎಂಟು ಪಟ್ಟು ಬೆಳಕು ಬರುತ್ತದೆ. 1/40 ಇದ್ದದ್ದು 1/320 ಆಗುತ್ತದೆ. ಕ್ಯಾನನ್‌ನ ಲೆನ್ಸ್‌ಗಳಲ್ಲಿ ಅಗ್ಗದವುಗಳ ಸಾಲಿನದು ಇದು. ಎಂ ಮೋಡ್ (ಶಟರ್, ಅಪರ್ಚರ್ ಕೈಯಾರೆ ಹೊಂದಿಸುವುದು), ಐಎಸ್‌ಒ 1600, ನಡುವಿನ ಫೋಕಸ್ ಬಿಂದು, ಎಐ ಸರ್ವೊ (ಚಲಿಸುವವರನ್ನು ಹಿಂಬಾಲಿಸುವ ಫೋಕಸ್). ರಂಗಸ್ಥಳದ ಹಿಂದಿನ ಕತ್ತಲು ನೋಡಿ ಆಟೋ ಮೋಡ್ ಮುಖವರ್ಣಿಕೆಯನ್ನು ಬೆಳ್ಳಗಾಗಿಸುತ್ತದೆ, ಅದಕ್ಕೇ ಎಂ ಮೋಡ್.

ಪಟ್ಟೆಯದು ಬೇರೆ ಕಥೆ. ನಮ್ಮ ಕರೆಂಟ್ 50 ಹರ್ಟ್ಸ್. ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/200 ದಾಟಿದ ಮೇಲೆ 550ಡಿಯ ಶಟರ್ ಒಂದು ಸೀಳಾಗಿ ಸೆನ್ಸರ್ ಮೇಲೆ ಸರಿಯುತ್ತದೆ. ದೀಪ ಮಂಕಾದ ಗಳಿಗೆಯಲ್ಲಿ ಸೀಳು ಹಾದ ಜಾಗ ಕಪ್ಪಾಗುತ್ತದೆ. 1/100ರಲ್ಲಿ ಒಂದು ಪೂರ್ತಿ ಮಿನುಗು ಒಳಗೆ ಬರುವುದರಿಂದ ಪಟ್ಟೆ ಇರುವುದಿಲ್ಲ. ಅದೇ ಪರೀಕ್ಷೆ: 1/100ರಲ್ಲಿ ಹೋಗಿ 1/320ರಲ್ಲಿ ಬಂದರೆ ದೀಪದ್ದೇ ತೊಂದರೆ, ಶಟರ್ ಕೆಟ್ಟಿಲ್ಲ. ಇದನ್ನು ಯಾವ ಲೆನ್ಸೂ ಸರಿಪಡಿಸದು. ಮಿನುಗು ಗುರುತಿಸಿ, ದೀಪ ಪ್ರಖರವಾದ ಗಳಿಗೆಗೆ ಶಟರ್ ಬಿಡುವ ಸೌಲಭ್ಯ ಕ್ಯಾನನ್‌ನಲ್ಲಿ 2014ರ 7ಡಿ ಮಾರ್ಕ್ 2ರಿಂದ ಬಂತು, 80ಡಿಯಲ್ಲೂ ಇದೆ. ಬಾಡಿ ಬದಲಿಸಲು ನಿಮಗಿರುವುದು ನ್ಯಾಯವಾದ ಕಾರಣ. ಒಳ್ಳೆ ಸ್ಥಿತಿಯ ಹಳೇ 80ಡಿ ಸಾಕು, ಫುಲ್ ಫ್ರೇಮ್ ಬೇಡ. 50ರ ಲೆನ್ಸ್ ಅದಕ್ಕೂ ಕೂರುತ್ತದೆ. ಮುಂದೆ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಕೊಂಡರೆ ಆಟದಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಬೇಡಿ, ಬಹುತೇಕ ಬಾಡಿಗಳಲ್ಲಿ ಪಟ್ಟೆ ಇನ್ನೂ ಹೆಚ್ಚುತ್ತದೆ.

ಪ್ರಶ್ನೆ: ಮೂರು ಮಳೆಗಾಲ ಚರ್ಮದ ಬ್ಯಾಗಿನಲ್ಲೇ ಇದ್ದ ಕ್ಯಾಮೆರಾ ತೆಗೆದೆ. ಚಿತ್ರಗಳೆಲ್ಲ ಮಂಜು ಮಂಜು. ಸೆನ್ಸರ್ ಹೋಯಿತೆ?
– ಓದುಗರು, ತೀರ್ಥಹಳ್ಳಿ

ಉತ್ತರ: ಸೆನ್ಸರ್ ಹೀಗೆ ಮಂಜಾಗುವುದಿಲ್ಲ. ಮೊದಲು ಲೆನ್ಸ್ ಮುಂದಿನ ಯುವಿ ಫಿಲ್ಟರ್ ತೆಗೆದು ಇನ್ನೊಂದು ಚಿತ್ರ ತೆಗೆಯಿರಿ. ಎಷ್ಟೋ ಸಲ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಆಮೇಲೆ ಲೆನ್ಸ್ ಕಳಚಿ, ಹಿಂಬದಿಯಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಕವಲೊಡೆದ ಎಳೆ ಕಂಡರೆ ಬೂಷ್ಟು. ಹೊರಗಾಜಿನ ಮೇಲಿದ್ದರೆ ಒರೆಸಿ ತೆಗೆಯಬಹುದು. ಒಳಗಾಜಿನ ಮೇಲಿದ್ದರೆ ಬಿಚ್ಚಿಸಲು ತಗಲುವ ಖರ್ಚು ಕೇಳಿಯೇ ಮುಂದುವರಿಯಿರಿ. ಕಿಟ್ ಲೆನ್ಸ್ ಆದರೆ ಅದು ದಂಡ, ಸೆಕೆಂಡ್ ಹ್ಯಾಂಡ್ ಲೆನ್ಸೇ ಅಗ್ಗ. ಬೂಷ್ಟು ಗಾಜಿನ ಲೇಪನವನ್ನು ತಿಂದಿದ್ದರೆ ಒರೆಸಿದರೂ ಗುರುತು ಉಳಿಯುತ್ತದೆ.

ಚರ್ಮ ತೇವ ಹಿಡಿಯುತ್ತದೆ, ಆ ಬ್ಯಾಗಿಗೆ ಮತ್ತೆ ಹಾಕಬೇಡಿ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ಅದರಲ್ಲಿ 200 ಗ್ರಾಂ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. ಅಂಕಿ ಶೇಕಡಾ 40-50ರಲ್ಲಿರಲಿ. 60 ದಾಟಿದರೆ ಬೂಷ್ಟಿಗೆ ದಾರಿ, 30ಕ್ಕಿಂತ ಇಳಿದರೆ ರಬ್ಬರು, ಗ್ರೀಸಿಗೆ ಕೇಡು. ಕಿತ್ತಳೆ ಬಣ್ಣದ ಕಾಳು ಹಸಿರಾದಾಗ 120 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ ಇಟ್ಟು, ತಣಿಸಿ, ಮತ್ತೆ ಹಾಕಿ.

ಪ್ರಶ್ನೆ: ನನ್ನ ಡಿ90 ಹೊಸ 64 ಜಿಬಿ ಕಾರ್ಡನ್ನು ಗುರುತಿಸುತ್ತಿಲ್ಲ. ಸ್ಲಾಟ್ ಹಾಳೇ?
– ಓದುಗರು, ಗದಗ

ಉತ್ತರ: ಸ್ಲಾಟ್ ಸರಿಯಾಗಿಯೇ ಇದ್ದೀತು. ಆ ಬಾಡಿ ಎಸ್‌ಡಿಎಚ್‌ಸಿ (ಹಿಂದಿನ ತಲೆಮಾರಿನ ಎಸ್‌ಡಿ ಕಾರ್ಡ್) ಕಾಲದ್ದು, 32 ಜಿಬಿಯೇ ಅದರ ಮಿತಿ. 16 ಜಿಬಿಯ ಎರಡು ಕಾರ್ಡ್ ಕೊಂಡು, ಕಂಪ್ಯೂಟರಿನಲ್ಲಿ ಬೇಡ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ ಬಳಸಿ.