ಕಾರಿನ ಬಿಲ್‌ನಲ್ಲಿ 22 ಡಾಲರ್ ‘ಓಮ್ವಿಕ್ ಫೀ’: ಕೊಡಬೇಕಾ, ಬೇಡವಾ?

ಕೆನಡಾದ ಒಂಟಾರಿಯೊ ಪ್ರಾಂತ್ಯಕ್ಕೆ ಬಂದು ಮೂರು ತಿಂಗಳಾಗಿದೆ, ಮೊದಲ ಸಲ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುತ್ತಿದ್ದೇನೆ, ಡೀಲರ್ ಕೊಟ್ಟ ಬಿಲ್‌ನಲ್ಲಿ 22 ಡಾಲರ್ ‘ಓಮ್ವಿಕ್ ಫೀ’ ಅಂತ ಇದೆ, ಇದು ಸರ್ಕಾರದ ತೆರಿಗೆನಾ, ಕೊಡಲ್ಲ ಅನ್ನಬಹುದಾ ಅಂತ ಕೇಳಿದ್ದೀರಿ.

ತೆರಿಗೆ ಅಲ್ಲ. ಕೊಡಲ್ಲ ಅಂತ ಹೇಳಿಯೂ ನೋಡಬಹುದು. ಆದರೆ ನಾನು ಅದನ್ನೇ ಮಾಡಿ ಬೇಸ್ತು ಬಿದ್ದವನು. ಮೊದಲು ಆ ಕಥೆ ಕೇಳಿ.

2019ನೇ ಇಸವಿ. ನಾವೂ ಹೊಸಬರು. ಹೆಂಡತಿ ಆನ್‌ಲೈನ್‌ನಲ್ಲಿ ಒಂದು ಹಳೆ ಕೊರೊಲಾ ಹುಡುಕಿದ್ದಳು. ಜಾಹೀರಾತಿನ ಬೆಲೆ 11,900 ಡಾಲರ್. ಹೋಗಿ ಓಡಿಸಿ ನೋಡಿದೆವು, ಇಷ್ಟವಾಯಿತು. ಬಿಲ್ ಮುಂದಿಟ್ಟರು. ಅದರಲ್ಲಿ ಓಮ್ವಿಕ್ ಫೀ 10 ಡಾಲರ್. ಆಗ ಅಷ್ಟೇ ಇತ್ತು. ಆಮೇಲೆ 12.50 ಆಯಿತು, ಈಗ 22. ಬೆಂಗಳೂರಿನಲ್ಲಿ ಸ್ಕೂಟರ್ ಕೊಳ್ಳುವಾಗ ‘ಹ್ಯಾಂಡ್ಲಿಂಗ್ ಚಾರ್ಜ್’ ವಿಷಯಕ್ಕೆ ಜಗಳವಾಡಿ ಪಳಗಿದ ಬಾಯಿ ನನ್ನದು. ‘ಇದ್ಯಾವುದಿದು, ಕೊಡಲ್ಲ’ ಅಂದೆ. ಮೇಜಿನ ಆಚೆ ಕೂತಿದ್ದವನು ಒಂದು ಕ್ಷಣವೂ ಯೋಚಿಸಲಿಲ್ಲ. ನಗುತ್ತಾ ಪೆನ್ ತೆಗೆದು ಆ ಸಾಲು ಹೊಡೆದು ಹಾಕಿದ. ನಾನು ಗೆದ್ದ ಖುಷಿಯಲ್ಲಿ ಸಹಿ ಹಾಕಿದೆ.

ರಾತ್ರಿ ಊಟ ಮುಗಿಸಿ ಕಾಗದ ಬಿಚ್ಚಿ ನೋಡಿದರೆ, ಹೊಡೆದು ಹಾಕಿದ ಸಾಲಿನ ಮೇಲೆಯೇ ‘ಅಡ್ಮಿನ್ ಫೀ 499’, ಅದರ ಮೇಲೆ ‘ಎಚಿಂಗ್ 299’. ಎಚಿಂಗ್ ಅಂದರೆ ಕಳ್ಳತನ ತಡೆಯಲು ಗಾಜಿನ ಮೇಲೆ ನಂಬರ್ ಕೆತ್ತುವುದು. ಎರಡೂ ಸೇರಿ 798. ಅದರ ಮೇಲೆ 13% ಎಚ್‌ಎಸ್‌ಟಿ, ಅಂದರೆ ಇಲ್ಲಿನ ಮಾರಾಟ ತೆರಿಗೆ. ಹತ್ತು ಡಾಲರ್ ಉಳಿಸಿ ಒಂಬೈನೂರು ಕಳೆದುಕೊಂಡು ಬಂದಿದ್ದೆ. ಅವನು ಯಾಕೆ ಅಷ್ಟು ಬೇಗ ನಕ್ಕ ಅಂತ ಆಗ ಗೊತ್ತಾಯಿತು.

ಈಗ ಫೀ ವಿಷಯ. ಓಮ್ವಿಕ್ ಅಂದರೆ ಒಂಟಾರಿಯೊ ಮೋಟಾರ್ ವೆಹಿಕಲ್ ಇಂಡಸ್ಟ್ರಿ ಕೌನ್ಸಿಲ್. 1997ರಿಂದ ಇದೆ. ಪ್ರಾಂತ್ಯದ ಡೀಲರ್‌ಗಳಿಗೂ ಸೇಲ್ಸ್‌ನವರಿಗೂ ಲೈಸೆನ್ಸ್ ಕೊಡುವುದು, ತಪಾಸಣೆ ಮಾಡುವುದು, ದೂರು ಕೇಳುವುದು ಅದರ ಕೆಲಸ. ಅಧಿಕಾರ ಕೊಟ್ಟಿದ್ದು ಸರ್ಕಾರ, ಆದರೆ ಅದು ಸರ್ಕಾರಿ ಇಲಾಖೆ ಅಲ್ಲ. ಖರ್ಚನ್ನು ತಾನು ನಿಯಂತ್ರಿಸುವ ವ್ಯಾಪಾರದಿಂದಲೇ ಎತ್ತಿಕೊಳ್ಳುತ್ತದೆ. ಡೀಲರ್ ಒಬ್ಬ ಗ್ರಾಹಕನಿಗೆ ಕಾರು ಮಾರಿದಾಗ ಅಥವಾ ಲೀಸ್ ಕೊಟ್ಟಾಗ, ಕಾರಿಗೆ ಇಷ್ಟು ಅಂತ ಓಮ್ವಿಕ್‌ಗೆ ಕಟ್ಟಬೇಕು. ಕಾರು 4,000ದ್ದಾಗಲಿ 90,000ದ್ದಾಗಲಿ, ಫೀ ಒಂದೇ. ಆಲ್ಬರ್ಟಾ ಪ್ರಾಂತ್ಯದಲ್ಲೂ ಇಂಥದ್ದೇ ಒಂದು ಲೆವಿ ಇದೆ.

ಗಮನಿಸಿ, ಕಟ್ಟಬೇಕಾದವನು ಡೀಲರ್. ಅದನ್ನು ನಿಮ್ಮಿಂದ ವಸೂಲಿ ಮಾಡಬಹುದು, ಮಾಡಲೇಬೇಕು ಅಂತೇನಿಲ್ಲ. ಹೆಚ್ಚಿನವರು ಮಾಡುತ್ತಾರೆ. ಹಾಗಾಗಿ ‘ಇದು ಗವರ್ನಮೆಂಟ್ ಟ್ಯಾಕ್ಸ್, ನಮ್ಮ ಕೈಯಲ್ಲಿಲ್ಲ’ ಅಂತ ಯಾರಾದರೂ ಹೇಳಿದರೆ ಅದು ಸುಳ್ಳು.

ಆದರೆ ನೀವು ಕೇಳಬೇಕಾದ ಪ್ರಶ್ನೆ ಬೇರೆ: ಆ 22 ಡಾಲರ್ ಜಾಹೀರಾತಿನ ಬೆಲೆಯ ಒಳಗಿತ್ತಾ, ಹೊರಗಿತ್ತಾ?

ನಮ್ಮೂರಲ್ಲಿ ಎಕ್ಸ್ ಶೋರೂಮ್ ಬೆಲೆ ನೋಡಿ ಯಾರೂ ನಂಬುವುದಿಲ್ಲ. ‘ಆನ್ ರೋಡ್ ಎಷ್ಟು ಹೇಳಿ’ ಅಂತಲೇ ಕೇಳುತ್ತೇವೆ, ಅಲ್ವಾ? ಒಂಟಾರಿಯೊದಲ್ಲಿ ಈ ಗೋಳನ್ನು ಕಾನೂನೇ ಅರ್ಧ ಪರಿಹರಿಸಿದೆ. 2010ರ ಜನವರಿ 1ರಿಂದ ಜಾರಿಯಲ್ಲಿರುವ ಡೀಲರ್ಸ್ ಕಾಯ್ದೆಯ ಪ್ರಕಾರ, ಡೀಲರ್ ಬೆಲೆ ಹಾಕಿ ಜಾಹೀರಾತು ಕೊಟ್ಟರೆ ಅದರಲ್ಲಿ ತಾನು ವಸೂಲಿ ಮಾಡಲಿರುವ ಎಲ್ಲವೂ ಸೇರಿರಬೇಕು. ಹೊಸ ಕಾರಿನ ಫ್ರೈಟ್ (ಸಾಗಾಣಿಕೆ ಖರ್ಚು), ಎ.ಸಿ.ಗೆ ಕೇಂದ್ರ ಸರ್ಕಾರ ಹಾಕುವ 100 ಡಾಲರ್, ಅಡ್ಮಿನ್ ಫೀ, ಸೇಫ್ಟಿ ಸರ್ಟಿಫಿಕೇಟ್ ಖರ್ಚು, ಓಮ್ವಿಕ್ ಫೀ, ಎಲ್ಲ. ಹೊರಗಿಡಬಹುದಾದದ್ದು ಎಚ್‌ಎಸ್‌ಟಿ ಮತ್ತು ನಂಬರ್ ಪ್ಲೇಟ್ ಖರ್ಚು ಮಾತ್ರ, ಅದನ್ನೂ ಜಾಹೀರಾತಿನಲ್ಲೇ ಸ್ಪಷ್ಟವಾಗಿ ಹೇಳಿರಬೇಕು. ಇದನ್ನೇ ಇಲ್ಲಿ ‘ಆಲ್ ಇನ್ ಪ್ರೈಸ್’ ಅನ್ನುತ್ತಾರೆ.

ಅಂದರೆ ಜಾಹೀರಾತಿನಲ್ಲಿ 15,000 ಅಂತಿದ್ದು, ಬಿಲ್‌ನಲ್ಲಿ 15,000 ಪ್ಲಸ್ 22 ಅಂತಿದ್ದರೆ ಅದು ನಿಯಮ ಮುರಿದಂತೆ. 22 ಡಾಲರ್‌ಗೋಸ್ಕರ ಇಷ್ಟೆಲ್ಲಾ ತಲೆ ಕೆಡಿಸಿಕೊಳ್ಳಬೇಕಾ ಅಂದರೆ, ನನ್ನ ಪ್ರಕಾರ ಹೌದು. ತನ್ನ ಮೇಲೆ ಕಣ್ಣಿಟ್ಟಿರುವ ಸಂಸ್ಥೆಯ ಫೀಯನ್ನೇ ತಪ್ಪಾಗಿ ಸೇರಿಸುವವನು ಉಳಿದ ಸಾಲುಗಳಲ್ಲಿ ಏನು ಮಾಡಿರುತ್ತಾನೋ ನೋಡಬೇಕಲ್ಲ. ಬೆರಳಿಟ್ಟು ಮೇಲಿಂದ ಕೆಳಗೆ ಓದಿ. ಟೈರಿಗೆ ನೈಟ್ರೋಜನ್, ಎಚಿಂಗ್, ‘ಪ್ರೊಟೆಕ್ಷನ್ ಪ್ಯಾಕೇಜ್’, ಅಡ್ಮಿನ್. ದುಡ್ಡು ಸೋರುವುದು ಅಲ್ಲಿ. ಎಕ್ಸ್‌ಟೆಂಡೆಡ್ ವಾರಂಟಿ ಥರದ್ದು ನಿಮಗೇ ಬೇಕಿದ್ದರೆ ಸೇರಿಸಿಕೊಳ್ಳಿ, ಬೇಡದಿದ್ದರೆ ಬೇಡ. ಆದರೆ ಕಾರಿಗೆ ಮೊದಲೇ ಮಾಡಿಟ್ಟ ಕೆಲಸಕ್ಕೆ ಬೇರೆ ದುಡ್ಡು ಕೇಳುವ ಹಾಗಿಲ್ಲ.

ಇನ್ನೊಂದು ಭ್ರಮೆ ತುಂಬಾ ಜನರಿಗಿದೆ, ಹತ್ತು ದಿನದೊಳಗೆ ಕಾರು ವಾಪಸ್ ಕೊಡಬಹುದು ಅಂತ. ಒಂಟಾರಿಯೊದಲ್ಲಿ ಡೀಲರ್ ಹತ್ತಿರ ಕೊಂಡ ಕಾರಿಗೆ ಅಂಥ ಅವಧಿ ಇಲ್ಲ. ಸಹಿ ಬಿತ್ತು ಅಂದರೆ ಬಿತ್ತು. ಆದರೆ ಕಾರು ಹಿಂದೆ ಟ್ಯಾಕ್ಸಿ, ಪೊಲೀಸ್ ಗಾಡಿ ಅಥವಾ ದಿನಬಾಡಿಗೆ ಕಾರಾಗಿದ್ದು ಮುಚ್ಚಿಟ್ಟಿದ್ದರೆ, ಸಾಲ್ವೇಜ್ (ಭಾರಿ ಜಖಂ ಆದದ್ದು) ಅಥವಾ ರೀಬಿಲ್ಟ್ (ಹಾಗೆ ಜಖಂ ಆದದ್ದನ್ನು ಮತ್ತೆ ಕಟ್ಟಿದ್ದು) ಅಂತ ಗುರುತಾಗಿದ್ದು ಹೇಳದಿದ್ದರೆ, ಓಡಿದ ಕಿಲೋಮೀಟರ್ ಸರಿಯಾಗಿ ತಿಳಿಸದಿದ್ದರೆ, 90 ದಿನದೊಳಗೆ ಒಪ್ಪಂದ ರದ್ದು ಮಾಡುವ ಹಕ್ಕಿದೆ. ಡೀಲರ್ ದಿವಾಳಿಯಾಗಿ ನಿಮ್ಮ ಅಡ್ವಾನ್ಸ್ ಮುಳುಗಿದರೆ 45,000 ಡಾಲರ್‌ವರೆಗೆ ಪರಿಹಾರ ನಿಧಿಯಿಂದ ಕೇಳಬಹುದು. ಸ್ವಂತ ಮಾಲೀಕರಿಂದ ನೇರವಾಗಿ ಕೊಂಡರೆ ಓಮ್ವಿಕ್ ಫೀ ಇಲ್ಲ, ಈ ಯಾವ ಆಸರೆಯೂ ಇಲ್ಲ. ಹೀಗೆ ಮಾಲೀಕನ ಸೋಗು ಹಾಕಿ ಲೈಸೆನ್ಸ್ ಇಲ್ಲದೆ ಮಾರುವವರಿಗೆ ಇಲ್ಲಿ ‘ಕರ್ಬ್‌ಸೈಡರ್’ ಅಂತ ಹೆಸರೇ ಇದೆ.

ಓಮ್ವಿಕ್ ಏನು ದೇವರಲ್ಲ. 2021ರಲ್ಲಿ ಒಂಟಾರಿಯೊದ ಆಡಿಟರ್ ಜನರಲ್ ಅದನ್ನೇ ತಪಾಸಣೆ ಮಾಡಿ ಹಲವು ಲೋಪ ತೋರಿಸಿದ್ದರು. ಫೀ ಹತ್ತರಿಂದ ಇಪ್ಪತ್ತೆರಡಕ್ಕೆ ಏರಿದ್ದಕ್ಕೆ ನನಗೂ ಸಿಟ್ಟಿದೆ. ಆದರೆ ಆ ಸಿಟ್ಟನ್ನು ಡೀಲರ್ ಮೇಜಿನ ಮೇಲೆ ತೀರಿಸಿಕೊಳ್ಳಲು ಹೋಗಬೇಡಿ.

ನನ್ನ ಒಂಬೈನೂರರ ಕಥೆ? ದೂರು ಕೊಡೋಣ ಅಂತ ಹೊರಟರೆ ಜಾಹೀರಾತೇ ಮಾಯ. ಕಾರು ಮಾರಾಟವಾದ ಮೇಲೆ ತೆಗೆದುಬಿಟ್ಟಿದ್ದರು. ಪುಣ್ಯಕ್ಕೆ ಹೆಂಡತಿ ಅದರ ಲಿಂಕನ್ನು ಅವಳ ತಮ್ಮನಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದಳು. ಲಿಂಕ್ ಜೊತೆ ಬರುವ ಪುಟ್ಟ ಚಿತ್ರದ ಕೆಳಗೆ 11,900 ಅಂತ ಸ್ಪಷ್ಟವಾಗಿತ್ತು. ಅದರ ಸ್ಕ್ರೀನ್‌ಶಾಟ್ ಹಾಕಿ, ಓಮ್ವಿಕ್‌ಗೆ ದೂರು ಕೊಡುತ್ತೇನೆ ಅಂತ ಡೀಲರ್‌ಗೆ ಇಮೇಲ್ ಬರೆದೆ. ನಾಲ್ಕೇ ದಿನಕ್ಕೆ ಅಡ್ಮಿನ್ ಫೀ, ಅದರ ತೆರಿಗೆ ಸೇರಿ 563 ಡಾಲರ್ 87 ಸೆಂಟ್‌ನ ಚೆಕ್ ಬಂತು. ಎಚಿಂಗ್‌ಗೆ ‘ನೀವೇ ಒಪ್ಪಿದ್ದಿರಿ’ ಅಂದರು. ಮಗಳು ಆಗಷ್ಟೇ ಹುಟ್ಟಿದ್ದಳು, ಇನ್ನಷ್ಟು ಗುದ್ದಾಡುವ ಶಕ್ತಿ ಇರಲಿಲ್ಲ. ಬಿಟ್ಟೆ.

ನಿಮ್ಮದು ಇನ್ನೂ ಸಹಿ ಆಗಿಲ್ಲ ಅಂತ ಬರೆದಿದ್ದೀರಿ. ಹಾಗಾದರೆ ಇವತ್ತೇ ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಡಿ, ತಾರೀಕು ಕಾಣುವ ಹಾಗೆ. ಆಮೇಲೆ ಡೀಲರ್‌ಗೆ ಫೋನ್ ಮಾಡಿ.