ಬಯೋಡೇಟಾ ಮತ್ತು ಬೇಳೆ ಪ್ಯಾಕೆಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಕಲಬುರಗಿಯವನು. ದೃಶ್ಯಕಲೆಯಲ್ಲಿ ಪದವಿ ಮುಗಿಸಿ 4 ವರ್ಷಗಳಿಂದ ಇಲ್ಲಿಯೇ ಒಂದು ಫ್ಲೆಕ್ಸ್ ಹಾಗೂ ಮುದ್ರಣದ ಅಂಗಡಿಯಲ್ಲಿ ಡಿಸೈನರ್ ಆಗಿದ್ದೇನೆ. ಜಾತ್ರೆಯ ಬ್ಯಾನರ್, ಮದುವೆ ಕಾರ್ಡು, ಒಂದು ದಾಲ್ ಮಿಲ್ಲಿನ ತೊಗರಿ ಬೇಳೆ ಪ್ಯಾಕೆಟ್, ಹೀಗೆ ಬಂದದ್ದನ್ನೆಲ್ಲ ಮಾಡುತ್ತೇನೆ. ಬೆಂಗಳೂರು, ಹೈದರಾಬಾದಿನ ಸುಮಾರು 30 ವಿನ್ಯಾಸ ಸಂಸ್ಥೆಗಳಿಗೆ ಸಿವಿ ಕಳಿಸಿದರೂ ಒಬ್ಬರೂ ಉತ್ತರಿಸಿಲ್ಲ. ಸೃಜನಶೀಲ ಕ್ಷೇತ್ರವೆಂದು ಬಣ್ಣದ ಅಂಚು, ಹಿನ್ನೆಲೆಗೆ ಚಿತ್ರ ಎಲ್ಲವನ್ನೂ ಹಾಕಿದ್ದೇನೆ, ಪ್ರತಿಯನ್ನು ಲಗತ್ತಿಸಿದ್ದೇನೆ. ಫ್ಲೆಕ್ಸ್ ಅಂಗಡಿ ಎಂಬ ಮಾತನ್ನು ತೆಗೆದು ‘ಕ್ರಿಯೇಟಿವ್ ಸ್ಟುಡಿಯೋ’ ಎಂದು ಬರೆಯಲೇ?

ಉತ್ತರ: ನೀವು ಲಗತ್ತಿಸಿದ ಎರಡು ಪುಟಗಳನ್ನು ಓದಿದೆ. ಮೊದಲ ಪುಟದಲ್ಲಿ ತಂದೆಯವರ ಹೆಸರು, ಹುಟ್ಟಿದ ದಿನಾಂಕ, ಧರ್ಮ, ವೈವಾಹಿಕ ಸ್ಥಿತಿ, ಖಾಯಂ ವಿಳಾಸ ಮತ್ತು ಎಸ್ಸೆಸ್ಸೆಲ್ಸಿಯಿಂದ ಪದವಿಯವರೆಗಿನ ಅಂಕಗಳ ಕೋಷ್ಟಕ ಇವೆ. ಎರಡನೆಯ ಪುಟದ ಕೊನೆಯಲ್ಲಿ ‘ಮೇಲ್ಕಂಡ ವಿವರಗಳೆಲ್ಲ ಸತ್ಯವೆಂದು ದೃಢೀಕರಿಸುತ್ತೇನೆ’ ಎಂಬ ಘೋಷಣೆ, ಸ್ಥಳ, ಸಹಿ ಇವೆ. ಇವುಗಳ ನಡುವೆ 4 ವರ್ಷಗಳ ದುಡಿಮೆ ಒಂದೇ ಸಾಲಿನಲ್ಲಿ ಮುದುಡಿ ಕುಳಿತಿದೆ. ಸರ್ಕಾರಿ ಅರ್ಜಿಯ ಜೊತೆಗಿಡಲೆಂದು ನಮ್ಮ ಡಿಟಿಪಿ ಅಂಗಡಿಗಳು ವರ್ಷಗಟ್ಟಲೆ ಟೈಪು ಮಾಡಿಕೊಟ್ಟ ಬಯೋಡೇಟಾದ ಅಚ್ಚು ಇದು; ನೀವು ಅದಕ್ಕೆ ಬಣ್ಣದ ಅಂಚು ತೊಡಿಸಿದ್ದೀರಿ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಸಿಗುವ ಮೀಸಲಾತಿಯ ಪ್ರಮಾಣಪತ್ರದ ಸಂಖ್ಯೆಯನ್ನೂ ಬರೆದಿದ್ದೀರಿ. ಸರ್ಕಾರಿ ಹುದ್ದೆಗೆ ಅದು ಬೇಕು, ಖಾಸಗಿ ವಿನ್ಯಾಸ ಸಂಸ್ಥೆಗೆ ಬೇಕಿಲ್ಲ.

ಕೆಲವು ವರ್ಷ ನಾನೂ ಒಂದು ವಿನ್ಯಾಸ ಕಚೇರಿಯಲ್ಲಿ ಅರ್ಜಿಗಳನ್ನು ಆರಿಸುವ ಕೆಲಸ ಮಾಡಿದ್ದೆನಾದ್ದರಿಂದ, ಆ ಕಡೆ ಕುಳಿತವರು ಏನು ಮಾಡುತ್ತಾರೆಂಬುದನ್ನು ಹೇಳಬಲ್ಲೆ. ಅವರು ಹೆಸರನ್ನೂ ಈಗಿನ ಕೆಲಸವನ್ನೂ ನೋಡಿ, ಕೂಡಲೇ ಪೋರ್ಟ್‌ಫೋಲಿಯೊದ, ಅಂದರೆ ಮಾಡಿದ ಕೆಲಸಗಳ ಸಂಗ್ರಹದ, ಕೊಂಡಿಯನ್ನು (ಲಿಂಕ್) ಹುಡುಕುತ್ತಾರೆ. ಕೊಂಡಿ ಇಲ್ಲದಿದ್ದರೆ ಮುಂದಿನ ಅರ್ಜಿಗೆ ಹೋಗುತ್ತಾರೆ. ನಿಮ್ಮ ಸಿವಿಯಲ್ಲಿ ಕೊಂಡಿಯೇ ಇಲ್ಲ. ಮೂವತ್ತೂ ಕಡೆಯ ಮೌನಕ್ಕೆ ಇದೊಂದೇ ಕಾರಣವೆಂದು ಹೇಳಲಾರೆ, ಆದರೆ ಉಳಿದ ಯಾವ ದೋಷಕ್ಕಿಂತಲೂ ಇದು ದೊಡ್ಡದು. ಹೆಸರು, ‘ಗ್ರಾಫಿಕ್ ಡಿಸೈನರ್, ಪ್ಯಾಕೇಜಿಂಗ್ ಮತ್ತು ಮುದ್ರಣ’ ಎಂಬ ಒಂದು ಸಾಲು, ಊರು, ಫೋನು, ಮಿಂಚಂಚೆ, ಪೋರ್ಟ್‌ಫೋಲಿಯೊ, ಇಷ್ಟು ಪುಟದ ನೆತ್ತಿಯ ಮೇಲಿರಲಿ.

ಇನ್ನು ಫ್ಲೆಕ್ಸ್ ಅಂಗಡಿಯ ವಿಚಾರ. ದಯವಿಟ್ಟು ಅದನ್ನು ಸ್ಟುಡಿಯೋ ಮಾಡಬೇಡಿ. ಸಂದರ್ಶನದಲ್ಲಿ ಎರಡನೆಯ ಪ್ರಶ್ನೆಗೇ ಅದು ಬಯಲಾಗುತ್ತದೆ, ಆಮೇಲೆ ನಿಜವಾದ ಕೆಲಸವನ್ನೂ ಅನುಮಾನದಿಂದ ನೋಡುತ್ತಾರೆ. ಅಂಗಡಿಯ ಕೆಲಸವೆಂದರೆ ಕೀಳು ಎಂಬ ಸಂಕೋಚ ಈ ಊರಿನವರಿಗೆ ಇರಬೇಕಾದ್ದೇ ಅಲ್ಲ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಅವರು ಮುಂಬೈಯಲ್ಲಿ ಹೆಸರು ಮಾಡಿದ್ದು ಸಿನಿಮಾ ಪ್ರಚಾರದ ಚಿತ್ರಗಳಿಂದ ಮತ್ತು ಕ್ಯಾಲೆಂಡರ್ ಚಿತ್ರಗಳಿಂದ. ನಿಮ್ಮ ಸಿವಿಯಲ್ಲಿ ‘ಪ್ಯಾಕೆಟ್ ಡಿಸೈನ್’ ಎಂಬ ಎರಡು ಪದಗಳನ್ನು ಕಂಡು ನಾನು ಮರುಪತ್ರ ಬರೆದು ಕೇಳಿದಾಗ, ನೀವು ಕೊಟ್ಟ ಉತ್ತರ ನಿಮ್ಮ ಇಡೀ ಸಿವಿಗಿಂತ ಚೆನ್ನಾಗಿತ್ತು. ಮಿಲ್ಲಿನ ಹಳೆಯ ಪ್ಯಾಕೆಟ್ಟಿನಲ್ಲಿ ಆರು ಬಣ್ಣಗಳಿದ್ದವು. ಗ್ರೇವ್ಯೂರ್ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೆತ್ತಿಸಬೇಕಾದ್ದರಿಂದ ನೀವು ಅದನ್ನು ನಾಲ್ಕಕ್ಕೆ ಇಳಿಸಿದಿರಿ. ಬೇಳೆ ಕಾಣಲೆಂದು ಮುಂಭಾಗದಲ್ಲಿ ಪಾರದರ್ಶಕ ಕಿಟಕಿ ಬಿಟ್ಟಿರಿ. ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು ಇವೆಲ್ಲವನ್ನೂ ಕಿಟಕಿಗೆ ಅಡ್ಡ ಬರದಂತೆ ಹೊಂದಿಸಿದಿರಿ. ಇದನ್ನೇ ಬರೆಯಿರಿ. ಮಾಲೀಕರಿಗೆ ಬೇಕಿದ್ದುದು ಏನು, ಅಡ್ಡಿ ಯಾವುದು, ನೀವು ತೆಗೆದುಕೊಂಡ ನಿರ್ಧಾರವೇನು, ಅದರಿಂದ ಆದದ್ದೇನು ಎಂಬ ಕ್ರಮದಲ್ಲಿ ಮೂರು ಸಾಲು ಸಾಕು. ಮಾರಾಟ ಹೆಚ್ಚಿತೆಂದು ಮಾತ್ರ ಬರೆಯಬೇಡಿ, ಏಕೆಂದರೆ ಮಿಲ್ಲಿನವರು ನಿಮಗೆ ಆ ಲೆಕ್ಕ ಕೊಟ್ಟಿಲ್ಲ. ಎರಡು ಸಿಲಿಂಡರಿನ ಖರ್ಚು ಉಳಿಯಿತೆಂಬುದು ನಿಮಗೆ ಗೊತ್ತಿರುವ ಸಂಗತಿ, ಅಷ್ಟನ್ನು ಧೈರ್ಯವಾಗಿ ಹೇಳಬಹುದು. ‘ಗುಲ್ಬರ್ಗಾ ತೊಗರಿ ಬೇಳೆ’ಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ (ಜಿಐ), ಅಂದರೆ ಈ ಪ್ರದೇಶದ್ದೇ ವಿಶಿಷ್ಟ ಉತ್ಪನ್ನವೆಂಬ, ಮಾನ್ಯತೆ ಸಿಕ್ಕಿರುವುದು ಹೊರಗಿನವರಿಗೆ ತಿಳಿದಿರಲಾರದು, ಈ ಕೆಲಸದ ಹಿನ್ನೆಲೆಯಾಗಿ ಅದಕ್ಕೊಂದು ಅರ್ಧ ಸಾಲು ಕೊಡಬಹುದು.

ನೀವು ಒಂದು ಮಾತೂ ಬರೆಯದ ಇನ್ನೊಂದು ಬಂಡವಾಳ ನಿಮ್ಮಲ್ಲಿದೆ. ಕಲಬುರಗಿಯ ಮದುವೆ ಕಾರ್ಡೆಂದರೆ ಒಂದು ಮಗ್ಗುಲಲ್ಲಿ ಕನ್ನಡ, ಇನ್ನೊಂದರಲ್ಲಿ ಉರ್ದು ಅಥವಾ ಮರಾಠಿ ಇರುವುದು ಅಪರೂಪವಲ್ಲ. ಇನ್‌ಪೇಜ್ ಎಂಬ ಉರ್ದು ತಂತ್ರಾಂಶದಲ್ಲಿ ಜೋಡಿಸಿದ, ಬಲದಿಂದ ಎಡಕ್ಕೆ ಓಡುವ ನಸ್ತಾಲಿಕ್ ಶೈಲಿಯ ಉರ್ದು ಅಕ್ಷರವನ್ನು, ಗುಂಡಗೆ ಕೂರುವ ಕನ್ನಡ ಅಕ್ಷರದ ಪಕ್ಕದಲ್ಲಿ ಒಂದೇ ತೂಕದಲ್ಲಿ ಕಾಣುವಂತೆ ಹೊಂದಿಸುವುದು ಸುಲಭದ ಮಾತಲ್ಲ. ಬಹುಭಾಷೆಯ ಪ್ಯಾಕೇಜಿಂಗ್ ಮಾಡುವ ಸಂಸ್ಥೆಗಳು ಹುಡುಕುವುದು ಇಂಥವರನ್ನೇ. ಫೋಟೊಶಾಪ್‌ನ ಎದುರಿಗೆ ಐದು ನಕ್ಷತ್ರಗಳಲ್ಲಿ ನಾಲ್ಕಕ್ಕೆ ಬಣ್ಣ ತುಂಬಿ, ಕೋರೆಲ್ ಡ್ರಾ ಎದುರಿಗೆ ‘90%’ ಎಂದು ಬರೆದಿರುವಿರಲ್ಲ, ಅದನ್ನು ತೆಗೆದು ಅಲ್ಲಿ ಇದನ್ನು ಹಾಕಿ. ಯಾವುದರ ಶೇಕಡಾ 90 ಎಂಬುದು ಬರೆದವರಿಗೂ ತಿಳಿಯದು.

ಅಲಂಕಾರದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಠಿಣವಾಗಿದೆ. ಡಿಸೈನರನ ಸಿವಿ ಅವನ ಮೊದಲ ಮಾದರಿ ಕೆಲಸವೆಂಬುದು ನಿಜ. ಆದರೆ ಅದರಲ್ಲಿ ಜನ ನೋಡುವುದು ಅಕ್ಷರದ ಜೋಡಣೆ, ಸಾಲುಗಳ ಅಂತರ ಮತ್ತು ಯಾವುದನ್ನು ದೊಡ್ಡದಾಗಿ ಯಾವುದನ್ನು ಸಣ್ಣದಾಗಿ ಇಟ್ಟಿದ್ದಾನೆಂಬ ವಿವೇಕ. ಎ4 ಅಳತೆಯ ಒಂದು ಪುಟ, ಸುತ್ತಲೂ 20 ಮಿ.ಮೀ. ಅಂಚು, ಒಂದೇ ಅಕ್ಷರಕುಟುಂಬದ ಎರಡು ದಪ್ಪಗಳು, ಪಠ್ಯಕ್ಕೆ 10 ಅಥವಾ 11 ಪಾಯಿಂಟ್, ಕಪ್ಪಿನ ಜೊತೆಗೆ ಒಂದೇ ಒಂದು ಬಣ್ಣ, ಇಷ್ಟರಲ್ಲಿ ಚೆನ್ನಾಗಿ ಕಾಣದ ಸಿವಿ ಹಿನ್ನೆಲೆಗೆ ಚಿತ್ರ ಹಾಕಿದರೆ ಇನ್ನಷ್ಟು ಕೆಡುತ್ತದೆ. ಸಿದ್ಧ ಮಾದರಿಗಳನ್ನು ಇಳಿಸಿಕೊಂಡು ಹೆಸರು ಬದಲಿಸುವುದೂ ಬೇಡ. ಒಂದೇ ವಾರದಲ್ಲಿ ಒಂದೇ ಮಾದರಿಯ ಮೂರು ಸಿವಿಗಳು ನನ್ನ ಮೇಜಿಗೆ ಬಂದದ್ದುಂಟು. ಭಾವಚಿತ್ರ ಅಗತ್ಯವಿಲ್ಲ. ನಟನೆಗೆ, ರೂಪದರ್ಶಿಯ ಕೆಲಸಕ್ಕೆ ಅರ್ಜಿ ಹಾಕುವವರ ಮಾತು ಬೇರೆ.

ತಾಂತ್ರಿಕವಾದ ಎರಡು ಸಂಗತಿಗಳನ್ನು ಬಿಡುವಂತಿಲ್ಲ. ದೊಡ್ಡ ಸಂಸ್ಥೆಗಳಲ್ಲಿ ಅರ್ಜಿಯನ್ನು ಮೊದಲು ತಂತ್ರಾಂಶ ಓದುತ್ತದೆ. ನೀವು ಕೋರೆಲ್‌ನಲ್ಲಿ ಅಕ್ಷರಗಳನ್ನೆಲ್ಲ ಕರ್ವ್ಸ್‌ಗೆ ಪರಿವರ್ತಿಸಿ ಪಿಡಿಎಫ್ ಮಾಡಿದ್ದೀರಿ. ಮುದ್ರಣಾಲಯಕ್ಕೆ ಕಳಿಸುವಾಗ ಅದು ಒಳ್ಳೆಯ ಅಭ್ಯಾಸ, ಸಿವಿಗೆ ಅಲ್ಲ, ಏಕೆಂದರೆ ಯಂತ್ರಕ್ಕೆ ಅಲ್ಲಿ ಬರೀ ಆಕಾರಗಳು ಕಾಣುತ್ತವೆಯೇ ಹೊರತು ಒಂದು ಪದವೂ ಕಾಣುವುದಿಲ್ಲ. ಪಿಡಿಎಫ್ ತೆರೆದು ಪಠ್ಯವನ್ನೆಲ್ಲ ನಕಲಿಸಿ ಒಂದು ಖಾಲಿ ಕಡತಕ್ಕೆ ಅಂಟಿಸಿ ನೋಡಿ. ಅಲ್ಲಿ ಓದಲು ಬಂದದ್ದಷ್ಟೇ ಯಂತ್ರಕ್ಕೂ ಓದಲು ಬರುತ್ತದೆ. ಕನ್ನಡ ಪತ್ರಿಕೆಗೋ ಪ್ರಕಾಶನಕ್ಕೋ ಕನ್ನಡದಲ್ಲೇ ಸಿವಿ ಕಳಿಸುವುದಾದರೆ ಈ ಪರೀಕ್ಷೆ ಇನ್ನೂ ಮುಖ್ಯ. ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ಟೈಪಿಸಿದ್ದು ಪರದೆಯ ಮೇಲೆ ಕನ್ನಡವಾಗಿಯೇ ಕಂಡರೂ ನಕಲಿಸಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಹಾಗೆಯೇ ಇಲ್ಲಸ್ಟ್ರೇಟರ್ ಅಥವಾ ಇನ್‌ಡಿಸೈನ್‌ನಲ್ಲಿ ಭಾರತೀಯ ಭಾಷೆಗಳಿಗೆಂದು ಇರುವ ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆ ಮಾಡಿಕೊಳ್ಳದಿದ್ದರೆ ಒತ್ತಕ್ಷರ ಒಡೆದು ‘ಕಲ್ಯಾಣ’ ಎಂಬುದು ‘ಕಲ್‌ಯಾಣ’ ಆಗುತ್ತದೆ. ಕನ್ನಡ ಕೆಲಸ ಬಲ್ಲೆನೆಂದು ಹೇಳುವವರ ಸಿವಿಯಲ್ಲೇ ಹೀಗಾದರೆ ಉಳಿದದ್ದನ್ನು ಯಾರು ಓದುತ್ತಾರೆ?

ಪೋರ್ಟ್‌ಫೋಲಿಯೊದಲ್ಲಿ ಎಂಟು ಹತ್ತು ಕೆಲಸ ಸಾಕು, ಅತ್ಯುತ್ತಮವಾದದ್ದು ಮೊದಲಿರಲಿ. ಗ್ರಾಹಕರ ಅನುಮತಿ ಕೇಳಿ. ರಾಜಕೀಯ ನಾಯಕರ ಹುಟ್ಟುಹಬ್ಬದ ಬ್ಯಾನರುಗಳನ್ನು ನಾನಾದರೆ ಬಿಡುತ್ತಿದ್ದೆ, ಆದರೆ ಜಾತ್ರೆಯ ಬ್ಯಾನರಿನಲ್ಲಿ ನೂರು ಹೆಸರುಗಳನ್ನು ಯಾರಿಗೂ ಮುನಿಸಾಗದಂತೆ ಹೊಂದಿಸಿದ್ದೀರಿ; ಅದು ಇರಲಿ.

ಪ್ರಶ್ನೆ: ನಾನು ಬೀದರಿನವಳು. ನಮ್ಮದು ಬಿದ್ರಿ ಕೆಲಸದ ಮನೆ. 9 ವರ್ಷಗಳಿಂದ ತಂದೆಯವರ ಜೊತೆ ಬೆಳ್ಳಿ ಕೂರಿಸುವ ಕೆಲಸ ಮಾಡುತ್ತಿದ್ದೇನೆ. ಆಭರಣ ವಿನ್ಯಾಸದ ಡಿಪ್ಲೊಮಾ ಈ ವರ್ಷ ಮುಗಿಯಿತು. ಒಂದು ಆಭರಣ ಸಂಸ್ಥೆಗೆ ಅರ್ಜಿ ಹಾಕಬೇಕು. ಮನೆಯಲ್ಲಿ ಮಾಡಿದ ಕೆಲಸಕ್ಕೆ ಅನುಭವ ಪತ್ರ ಯಾರು ಕೊಡುತ್ತಾರೆ? ಅದನ್ನು ‘ಅನುಭವ’ ಎಂದು ಬರೆಯಬಹುದೇ?

ಉತ್ತರ: ಬರೆಯಬೇಕು. ಡಿಪ್ಲೊಮಾಕ್ಕಿಂತ ಮೇಲೆಯೇ ಬರೆಯಿರಿ. ಅನುಭವ ಪತ್ರವೆಂಬುದು ಸಿವಿಯ ಭಾಗವೇ ಅಲ್ಲ. ಕೇಳಿದರೆ ತಂದೆಯವರ ಕಾರ್ಯಾಗಾರದ ಹೆಸರಿನಲ್ಲಿ ಒಂದು ಪತ್ರ ಕೊಡಬಹುದು, ಸಂಬಂಧವನ್ನು ಮುಚ್ಚಿಡದೆ.

ಆದರೆ ‘ಬಿದ್ರಿ ಕಲಾವಿದೆ, 9 ವರ್ಷ’ ಎಂದಷ್ಟೇ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಎರಕ ಹೊಯ್ಯುವುದು, ಅರದಿಂದ ಉಜ್ಜಿ ನಯಗೊಳಿಸುವುದು, ಮೈಲುತುತ್ತದ ದ್ರಾವಣ ಸವರಿ ಗೆರೆ ಕಾಣುವಂತೆ ಕಪ್ಪಾಗಿಸುವುದು, ಚಿತ್ತಾರ ಕೆತ್ತುವುದು, ಕೆತ್ತಿದಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುವುದು, ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಶಾಶ್ವತ ಕಪ್ಪು ಬರಿಸುವುದು, ಇಷ್ಟೂ ಹಂತಗಳಲ್ಲಿ ನಿಮ್ಮ ಕೈ ಯಾವುದರಲ್ಲಿದೆ ಎಂಬುದನ್ನು ಸ್ಪಷ್ಟಪಡಿಸಿ. ನೀವು ಬರೆದಂತೆ ನಿಮ್ಮದು ಬೆಳ್ಳಿ ಕೂರಿಸುವ ಹಂತ, ಕಳೆದ ಮೂರು ವರ್ಷಗಳಿಂದ ಹೊಸ ಚಿತ್ತಾರಗಳನ್ನೂ ನೀವೇ ಬರೆಯುತ್ತಿದ್ದೀರಿ. ಹಾಗಿದ್ದರೆ ಪ್ರತಿ ಚಿತ್ರದ ಕೆಳಗೆ ‘ಚಿತ್ತಾರ ಮತ್ತು ಬೆಳ್ಳಿ ಕೆಲಸ: ನನ್ನದು, ಎರಕ ಮತ್ತು ಕೆತ್ತನೆ: ತಂದೆಯವರದು’ ಎಂದು ಬರೆಯಿರಿ. ಎಲ್ಲವನ್ನೂ ತನ್ನದೆನ್ನುವ ಅರ್ಜಿಗಿಂತ ಹೀಗೆ ಪಾಲು ಹಂಚಿ ಹೇಳಿದ ಅರ್ಜಿಯನ್ನು ಆರಿಸುವವರು ಹೆಚ್ಚು ನಂಬುತ್ತಾರೆ.

ಬಹಮನಿ ಸುಲ್ತಾನರಿಂದ ಆರಂಭವಾಗುವ ನಿಮ್ಮ ಮುನ್ನುಡಿ ಸೊಗಸಾಗಿದೆ, ಆದರೆ ಅದು ಬೀದರಿನ ಚರಿತ್ರೆ. ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದ್ದೂ, 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದದ್ದೂ ಅಂತರ್ಜಾಲದಲ್ಲಿ ಯಾರಿಗೂ ಸಿಗುವ ವಿಷಯಗಳು. ಹೂಜಿಯ ಮೇಲಿನ ಬಳ್ಳಿಯನ್ನು 18 ಮಿ.ಮೀ. ಅಗಲದ ಕಿವಿಯೋಲೆಗೆ ಇಳಿಸುವಾಗ ಯಾವ ಗೆರೆಯನ್ನು ಬಿಟ್ಟಿರಿ, ತೂಕ ಹೇಗೆ ಕಡಿಮೆ ಮಾಡಿದಿರಿ ಎಂಬುದು ನಿಮಗೆ ಮಾತ್ರ ಗೊತ್ತು. ಸಂಸ್ಥೆಗೆ ಬೇಕಾದದ್ದೂ ಅದೇ.

ಚಿತ್ರಗಳ ಬಗ್ಗೆ ಒಂದು ಮಾತು. ನೀವು ಕಳಿಸಿದ ಛಾಯಾಚಿತ್ರಗಳಲ್ಲಿ ಬೆಳ್ಳಿ ಬಿಳಿಯ ಕಲೆಯಂತೆ ಹೊಳೆದು, ಕಪ್ಪು ನೆಲ ಬೂದಿಯಾಗಿದೆ. ಫ್ಲ್ಯಾಶ್ ಬಳಸಬೇಡಿ. ಕಿಟಕಿಗೆ ತೆಳುವಾದ ಬಿಳಿ ಪಂಚೆ ಕಟ್ಟಿ, ಆ ಬೆಳಕಿನಲ್ಲಿ ಮಗ್ಗುಲಿನಿಂದ ತೆಗೆಯಿರಿ. ಒಂದು ಚಿತ್ರದಲ್ಲಾದರೂ ವಸ್ತು ಕೈಯಲ್ಲಿರಲಿ, ಗಾತ್ರ ತಿಳಿಯುತ್ತದೆ.

ಪ್ರಶ್ನೆ: ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ಮದುವೆ ವಿಡಿಯೊಗಳ ಎಡಿಟಿಂಗ್ ಮಾಡುತ್ತೇನೆ. ನಡುವೆ ಎರಡು ವರ್ಷ ತಂದೆಯವರ ಅನಾರೋಗ್ಯದಿಂದ ಹೊಲ ನೋಡಿಕೊಂಡೆ. ಆ ಖಾಲಿ ಜಾಗವನ್ನು ಸಿವಿಯಲ್ಲಿ ಹೇಗೆ ಮುಚ್ಚಲಿ?

ಉತ್ತರ: ಮುಚ್ಚಬೇಡಿ. ‘ಕುಟುಂಬದ ಜವಾಬ್ದಾರಿ, ಕೃಷಿ’ ಎಂದು ಇಸವಿಯೊಡನೆ ಒಂದು ಸಾಲು ಬರೆದು ಮುಂದೆ ಹೋಗಿ. ಯಾರಾದರೂ ಕೇಳಿದರೆ ಒಂದು ವಾಕ್ಯದಲ್ಲಿ ಹೇಳಿ.

ನಿಮ್ಮ ಸಮಸ್ಯೆ ಇರುವುದು ಶೋರೀಲ್‌ನಲ್ಲಿ, ಅಂದರೆ ಕೆಲಸದ ತುಣುಕುಗಳನ್ನು ಜೋಡಿಸಿದ ಮಾದರಿ ವಿಡಿಯೊದಲ್ಲಿ. ಆರು ನಿಮಿಷಗಳ ಶೋರೀಲನ್ನು ಯಾರೂ ಪೂರ್ತಿ ನೋಡುವುದಿಲ್ಲ, ಅದನ್ನು ಒಂದೂವರೆ ನಿಮಿಷದೊಳಗೆ ತನ್ನಿ. ಡ್ರೋನ್ ದೃಶ್ಯಗಳನ್ನು ಕಡಿಮೆ ಮಾಡಿ, ಅವು ಕ್ಯಾಮೆರಾದವರ ಕೆಲಸ. ಅಕ್ಷತೆ ಬೀಳುವ ಕ್ಷಣದಿಂದ ತಾಯಿಯ ಮುಖಕ್ಕೆ ನೀವು ಕತ್ತರಿಸಿದ ಜಾಗ ಎಡಿಟರನ ಕೆಲಸ, ಅದರಿಂದಲೇ ಆರಂಭಿಸಿ. ಆ ಮನೆಯವರನ್ನು ಕೇಳಿ ಒಪ್ಪಿಗೆ ಪಡೆದಿರಬೇಕು, ಹಿನ್ನೆಲೆಗೆ ಸಿನಿಮಾ ಹಾಡಿನ ಬದಲು ಹಕ್ಕಿನ ತೊಡಕಿಲ್ಲದ ಸಂಗೀತವಿರಬೇಕು. ಇನ್ನು, ನೀವು ಕೊಟ್ಟ ಡ್ರೈವ್ ಕೊಂಡಿ ನನಗೆ ತೆರೆಯಲೇ ಇಲ್ಲ, ಅನುಮತಿ ಕೇಳಿತು. ಎರಡನೆಯ ಬಾರಿ ಕಳಿಸಿದ ಮೇಲೆ ನೋಡಿದೆ. ಅರ್ಜಿ ಕಳಿಸುವ ಮುನ್ನ ಆ ಕೊಂಡಿಯನ್ನು ಗೆಳೆಯನ ಫೋನಿನಲ್ಲಿ ತೆರೆದು ನೋಡಿ.